ಪೀಪಾಯಿಯಲ್ಲಿ ಒಬ್ಬರಿಗೇ ಜಾಗ

ಭಾನುವಾರ ಬೆಳಗ್ಗೆ ಗಂಟಲು ಕೊಯ್ದು ಧ್ವನಿಪೆಟ್ಟಿಗೆ ತೆಗೆದುಹಾಕುತ್ತೇವೆ, ಆಮೇಲೆ ಮಾತು ಬರುವುದಿಲ್ಲ ಎಂದು ಡಾಕ್ಟರು ಹೇಳಿದಾಗ, ಎಂಬತ್ತಾರು ವರ್ಷದ ಗೆಟ್ಸೆಲ್ ಹೋಖ್‌ಮನ್ ಕೇಳಿದ ಮೊದಲ ಪ್ರಶ್ನೆ ಇದು: "ತೆಗೆದದ್ದನ್ನ ಮನೆಗೆ ಕೊಡ್ತೀರಾ? ನನ್ನ ಮಗಳು ಅದನ್ನೂ ಪೆಟ್ಟಿಗೆಗೆ ಹಾಕಿ ಚೀಟಿ ಅಂಟಿಸ್ತಾಳೆ."

ಡಾಕ್ಟರು ನಕ್ಕರು. ಪಕ್ಕದಲ್ಲಿ ಕೂತಿದ್ದ ಮಗಳು ಪೆರ್ಲಾ ನಗಲಿಲ್ಲ. ಅರವತ್ತೈದು ವರ್ಷ ಅಪ್ಪನ ತಮಾಷೆ ಕೇಳಿ ಕೇಳಿ ಅವಳ ನಗು ಸವೆದುಹೋಗಿತ್ತು. ಅದೂ ಅಲ್ಲದೆ ಅಪ್ಪ ಹೇಳಿದ್ದು ಸುಳ್ಳೇನಲ್ಲ. ಹೈಫಾದ ಹದಾರ್ ಬಡಾವಣೆಯಲ್ಲಿ ಅವಳ ಮಲಗುವ ಕೋಣೆಯ ಕಪಾಟಿನ ತುಂಬ ಚಪ್ಪಲಿ ಪೆಟ್ಟಿಗೆಗಳು, ಒಳಗೆ ಅಪ್ಪ ಹೇಳಿದ್ದನ್ನೆಲ್ಲ ಬರೆದಿಟ್ಟ ಕಾಗದಗಳು. ಒಂದೊಂದರ ಮೇಲೂ ದುಂಡನೆಯ ಅಕ್ಷರದ ಚೀಟಿ: 'ಅಪ್ಪ, ಸಮರ್ಕಂದ್', 'ಅಪ್ಪ, ಹಡಗು', 'ಅಪ್ಪ, ಕ್ಷೌರದಂಗಡಿ'. ಎಲ್ಲದಕ್ಕಿಂತ ಮೇಲಿರುವುದು 'ಅಪ್ಪ, ನದಿ'. ಅದು ಖಾಲಿ. ಅದರೊಳಗೆ ಹಾಕುವಂಥದ್ದನ್ನು ಮುದುಕ ಇವತ್ತಿನವರೆಗೂ ಬಾಯಿಬಿಟ್ಟಿರಲಿಲ್ಲ. ಈಗ ಉಳಿದಿದ್ದದ್ದು ಐದೇ ದಿನ.

ಬಾಯಿಬಿಟ್ಟಿರಲಿಲ್ಲ ಎಂದರೆ ಆ ಬಾಯಿ ಸುಮ್ಮನಿತ್ತು ಎಂದೇನಲ್ಲ. ಅಯ್ಯೋ ದೇವರೇ! ನಲವತ್ತು ವರ್ಷ ಕ್ಷೌರಿಕನಾಗಿದ್ದವನು. ಕತ್ತಿ ಕುತ್ತಿಗೆಯ ಮೇಲಿರುವಾಗ ಯಾವ ಗಿರಾಕಿ ಎದ್ದು ಹೋಗುತ್ತಾನೆ? ಹದಾರ್‌ನ ಅರ್ಧ ಗಂಡಸರಿಗೆ ಅವನ ನದಿಯ ಕಥೆ ಬಾಯಿಪಾಠವಾಗಿತ್ತು. ಸಾವಿರದ ಒಂಬೈನೂರ ಮೂವತ್ತೊಂಬತ್ತರ ಡಿಸೆಂಬರ್. ಪೋಲೆಂಡಿನ ಬುಗ್ ನದಿಯ ಈಚೆ ದಡದಲ್ಲಿ ಜರ್ಮನರು, ಆಚೆ ದಡದಲ್ಲಿ ರಷ್ಯನ್ನರು. ಆರು ವರ್ಷದ ಗೆಟ್ಸೆಲ್‌ನನ್ನು ಹೆರಿಂಗ್ ಮೀನಿನ ಪೀಪಾಯಿಯೊಳಗೆ ಕೂರಿಸಿ ದೋಣಿಗೆ ಹಾಕುತ್ತಾರೆ. ದೋಣಿಯವನು ಪೀಪಾಯಿಯ ಮುಚ್ಚಳದ ಮೇಲೇ ತನ್ನ ಕುಂಡೆ ಊರುತ್ತಾನೆ. "ಅವನು ಮಧ್ಯಾಹ್ನ ಬಟಾಣಿ ತಿಂದಿದ್ದ," ಎನ್ನುತ್ತಿದ್ದ ಗೆಟ್ಸೆಲ್, ಗಿರಾಕಿಯ ಕಿವಿಯ ಹಿಂದಿನ ನೊರೆ ಒರೆಸುತ್ತ. "ಹಿಟ್ಲರನ ಕೈಯಿಂದ ಅರ್ಧ ಗಂಟೇಲಿ ಪಾರಾದೆ. ದೋಣಿಯವನ ಗಾಳಿಯಿಂದ ಪಾರಾಗೋಕೆ ಇಡೀ ಯುದ್ಧ ಬೇಕಾಯ್ತು." ಗಿರಾಕಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಗೆಟ್ಸೆಲ್ ಕತ್ತಿ ಎತ್ತಿ ನಗು ಮುಗಿಯುವವರೆಗೆ ಕಾಯುತ್ತಿದ್ದ.

ಆಚೆ ದಡದಲ್ಲಿ ಸೋದರಮಾವ ಇದ್ದ. ಅವನ ಜೊತೆ ಸೈಬೀರಿಯ, ಅಲ್ಲಿಂದ ಕಲ್ಲಂಗಡಿಗೆ ಹೆಸರಾದ ಸಮರ್ಕಂದ್. ಸಮರ್ಕಂದದಲ್ಲಿ ಮಾವ ಜ್ವರ ಬಂದು ಸತ್ತ, ಹುಡುಗ ಅನಾಥಾಲಯ ಸೇರಿದ. ಇದಕ್ಕೆಲ್ಲ ಹಿರಿಯರ ಕ್ಲಬ್ಬಿನಲ್ಲಿ ಕವಡೆ ಕಿಮ್ಮತ್ತಿಲ್ಲ. ಅಲ್ಲಿ ಸಂಕಟಕ್ಕೂ ಮೆಟ್ಟಿಲುಗಳುಂಟು: ಹಿಟ್ಲರನ ಸಾವಿನ ಶಿಬಿರದಿಂದ ಬದುಕಿ ಬಂದವರಿಗೆ ಮುಂದಿನ ಸಾಲು, ಕಾಡಿನಲ್ಲಿ ಅಡಗಿದ್ದವರಿಗೆ ಎರಡನೆಯದು, ರಷ್ಯದ ಕಡೆಗೆ ಓಡಿದವರಿಗೆ ಬಾಗಿಲ ಪಕ್ಕ, ಥಂಡಿ ಗಾಳಿ ಹೊಡೆಯುವ ಕಡೆ. "ನಿನಗೇನಪ್ಪ, ಕಲ್ಲಂಗಡಿ ತಿಂದ್ಕೊಂಡು ಯುದ್ಧ ಕಳೆದೆ" ಎಂದು ಮುಂದಿನ ಸಾಲಿನವರು ಮೂಗು ಮುರಿಯುತ್ತಿದ್ದರು. ಗೆಟ್ಸೆಲ್ ಜಗಳ ಆಡುತ್ತಿರಲಿಲ್ಲ. "ಹೌದು, ಬೀಜ ಸಮೇತ ತಿಂದೆ" ಎಂದು ಬಾಗಿಲ ಪಕ್ಕವೇ ಕೂರುತ್ತಿದ್ದ.

ಪೆರ್ಲಾಗೆ ಒಂದು ಗೊತ್ತಿತ್ತು. ಆ ದಿನ ದಡದಲ್ಲಿ ಅಪ್ಪನ ಜೊತೆ ಹತ್ತು ವರ್ಷದ ಅಕ್ಕನೂ ಇದ್ದಳು. ಅವಳ ಹೆಸರೂ ಪೆರ್ಲಾ.

ಇಲ್ಲಿ ಆ ಜನರ ಒಂದು ಪದ್ಧತಿ ಹೇಳಲೇಬೇಕು. ಪೋಲೆಂಡ್ ಕಡೆಯ ಯಹೂದಿಗಳು ಮಕ್ಕಳಿಗೆ ಸತ್ತವರ ಹೆಸರನ್ನು ಮಾತ್ರ ಇಡುತ್ತಾರೆ. ಬದುಕಿರುವವರ ಹೆಸರಿಟ್ಟರೆ ಅವರನ್ನು ಬೇಗ ಹೋಗು ಎಂದು ಅಟ್ಟಿದ ಹಾಗೆ. ಯುದ್ಧ ಮುಗಿದ ಮೇಲೆ ಊರಿನವರು ಸತ್ತವರ ಪಟ್ಟಿ ಮಾಡಿದರು, ಅಕ್ಕನ ಹೆಸರು ಅದರಲ್ಲಿತ್ತು. ಹಾಗಾಗಿ ಗೆಟ್ಸೆಲ್ ತನಗೆ ಹುಟ್ಟಿದ ಮಗಳಿಗೆ ಪೆರ್ಲಾ ಎಂದು ಹೆಸರಿಟ್ಟ. ಅವನ ಹೆಂಡತಿ ಮಗುವಿಗೆ ಹಾಲು ಕುಡಿಸುವಾಗಲೂ "ಅಪ್ಪನಿಗೋಸ್ಕರ ಪ್ರಾಣ ಕೊಟ್ಟ ಅತ್ತೆಯ ಹೆಸರು ಕಣೇ ನಿನ್ನದು" ಎಂದು ಹೇಳಿ ಹೇಳಿ ಕುಡಿಸಿದಳು.

ಐದು ವರ್ಷವಾದ ಮೇಲೆ ಪ್ರಾಣ ಕೊಟ್ಟ ಅತ್ತೆ ಹೈಫಾ ಬಂದರಿನಲ್ಲಿ ಹಡಗಿನಿಂದ ಇಳಿದಳು, ಕೈಯಲ್ಲೊಂದು ಸೂಟ್‌ಕೇಸು.

ಆ ಮಧ್ಯಾಹ್ನ ಪೆರ್ಲಾಗೆ ಚೆನ್ನಾಗಿ ನೆನಪಿದೆ. ಕಂದು ಕೋಟು. ಮೇಜಿನ ಮೇಲೆ ಗಸಗಸೆ ಕೇಕು. ಅಮ್ಮ ತನ್ನನ್ನು ಎತ್ತಿ ತೋರಿಸಿ ಏನೋ ಹೇಳಿದಳು. ಆ ಹೆಂಗಸಿನ ಮುಖ ಕಪ್ಪಿಟ್ಟಿತು. "ನನ್ನ ಹೆಸರನ್ನ ಆಗಲೇ ಹಂಚಿಬಿಟ್ರಾ? ನಾನಿನ್ನೂ ಅದನ್ನ ಉಪಯೋಗಿಸ್ತಾ ಇದೀನಿ!" ಎಂದವಳೇ ಕೇಕು ಮುಟ್ಟದೆ ಎದ್ದು ಹೋದಳು. ಹೋದದ್ದಾದರೂ ಎಲ್ಲಿಗೆ? ಚಂದ್ರಲೋಕಕ್ಕಲ್ಲ, ಕಿರ್ಯಾತ್ ಹಾಯಿಮ್‌ಗೆ. ಬಸ್ಸಿನಲ್ಲಿ ಇಪ್ಪತ್ತೈದು ನಿಮಿಷ. ಆ ಇಪ್ಪತ್ತೈದು ನಿಮಿಷದ ದಾರಿಯನ್ನು ಅಕ್ಕತಮ್ಮ ಎನ್ನುವವರು ಅರವತ್ತು ವರ್ಷ ದಾಟಲಿಲ್ಲ. ಬುಗ್ ನದಿಯೇ ವಾಸಿ.

ಅವತ್ತಿನಿಂದ ಗೆಟ್ಸೆಲ್ ಮಗಳನ್ನು ಹೆಸರು ಹಿಡಿದು ಕರೆಯಲಿಲ್ಲ. ಕರೆದಾಗಲೆಲ್ಲ ಬದುಕಿರುವ ಅಕ್ಕನ ಮೇಲೆ ಒಂದು ಹಿಡಿ ಮಣ್ಣು ಹಾಕಿದಂತೆ ಅವನಿಗೆ. ಹೆಸರು ಬದಲಾಯಿಸೋಣ ಎಂದು ಧರ್ಮಗುರುಗಳನ್ನು ಕೇಳಿದರೆ, ಹೆಸರು ಬದಲಾಯಿಸುವುದು ಸಾಯುವ ಹಾಗಿರುವ ರೋಗಿಗೆ, ಗಟ್ಟಿಮುಟ್ಟಾದ ಮಗುವಿಗೆ ಯಾಕೆ ಇಲ್ಲದ ಅಪಶಕುನ ಎಂದುಬಿಟ್ಟರು. ಸರಿ, ಹೆಸರು ಹಾಗೇ ಉಳಿಯಿತು, ಕರೆಯುವುದು ನಿಂತಿತು. 'ಇವಳೇ', 'ಏ ಹುಡುಗಿ', 'ಮೇಡಮ್ಮನವರೇ'. ಮದುವೆಯ ಚಪ್ಪರದ ಕೆಳಗೂ 'ಇವಳೇ'. ಅವಳಿಗೆ ಅದರಿಂದ ನೋವಾಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಹೇಳಿದರೆ ನಗುತ್ತಾರೆಂದು.

ಗಂಡ ಸಾಸೋನ್‌ಗೆ ಮಾತ್ರ ಗೊತ್ತಿತ್ತು. ಅವನು ಬಸ್ರಾದಿಂದ ಬಂದ ಮನೆತನದವನು, ತಟ್ಟೆಯಲ್ಲಿ ಅಂಬಾ ಎನ್ನುವ ಮಾವಿನ ಉಪ್ಪಿನಕಾಯಿ ಇಲ್ಲದಿದ್ದರೆ ಊಟಕ್ಕೆ ಕೂರದವನು. "ನಿಮ್ಮ ಜನಕ್ಕೆ ತಲೆ ಕೆಟ್ಟಿದೆ ಕಣೇ," ಎನ್ನುತ್ತಿದ್ದ. "ನಮ್ಮ ಕಡೆ ಬದುಕಿರೋರ ಹೆಸರೇ ಇಡೋದು, ಅದೇ ಮರ್ಯಾದೆ. ನಮ್ಮಜ್ಜಿ ಹೆಸರು ಏಳು ಮೊಮ್ಮಕ್ಕಳಿಗಿತ್ತು. ಅಜ್ಜಿ ಏನು ಸತ್ತಳಾ? ತೊಂಬತ್ತಾರರ ತನಕ ಎಲ್ಲರ ತಟ್ಟೆಗೂ ಕೈ ಹಾಕಿದಳು."

ಬುಧವಾರ ಎಲ್ಹನಾನ್ ಬಂದ. ಯುದ್ಧದಿಂದ ಪಾರಾದವರ ಹೇಳಿಕೆ ದಾಖಲಿಸುವ ಬಡಾವಣೆಯ ನೆನಪಿನ ಸಮಿತಿಯ ಅಧ್ಯಕ್ಷ ಅವನೇ, ಕಾರ್ಯದರ್ಶಿ ಅವನೇ, ಕ್ಯಾಮೆರಾದವನೂ ಅವನೇ. ನಿವೃತ್ತ ಭೂಗೋಳದ ಮೇಷ್ಟ್ರು. ಕೈಯಲ್ಲಿ ನಲವತ್ತೆರಡು ಪ್ರಶ್ನೆಗಳ ಅಚ್ಚಾದ ಫಾರಂ. ಕ್ಯಾಮೆರಾ ನಿಲ್ಲಿಸಿ, ಕಿಟಕಿ ಮುಚ್ಚಿಸಿ, ಗೋಡೆಯ ಮೇಲಿನ ಹಣ್ಣಿನ ಚಿತ್ರ ಇಳಿಸಿಟ್ಟ. ಹಿನ್ನೆಲೆಯಲ್ಲಿ ಹಣ್ಣು ಇರಬಾರದಂತೆ, ದುಃಖ ಕಡಿಮೆಯಾಗುತ್ತದಂತೆ.

"ಯಾವ ಶಿಬಿರ?" ಎಂದು ಕೇಳಿದ.

"ಯಾವುದೂ ಇಲ್ಲ," ಎಂದ ಗೆಟ್ಸೆಲ್. ಧ್ವನಿ ಆಗಲೇ ಗರಗಸದ ಹಾಗಿತ್ತು.

"ಶಿಬಿರ ಇಲ್ವಾ?" ಎಲ್ಹನಾನ್‌ನ ಮುಖ ಹುಳ್ಳಗಾಯಿತು. "ಹಾಗಾದ್ರೆ ಐದರಿಂದ ಹತ್ತೊಂಬತ್ತರವರೆಗೆ ಪ್ರಶ್ನೆ ಬಿಡಬೇಕಾಗುತ್ತೆ. ಇರಲಿ. ನಾಯಿಗಳು ಇದ್ವಾ?"

"ಒಂದಿತ್ತು. ದೋಣಿಯವನದ್ದು. ನನ್ನ ಮುಖ ನೆಕ್ತು."

"ಬೊಗಳಲಿಲ್ವಾ?"

"ಪಾಪ, ಸಣ್ಣ ನಾಯಿ. ನೀವು ಹೇಳಿದ್ರೆ ಬೊಗಳಿಸ್ತೀನಿ."

"ಬೇಡ, ಬೇಡ. ಪೀಪಾಯಿಯೊಳಗೆ ಕೂತಾಗ ನಿಮಗೆ ಏನನ್ನಿಸ್ತು?"

"ಉಪ್ಪು ಜಾಸ್ತಿ ಅನ್ನಿಸ್ತು."

ಬಾಗಿಲಲ್ಲಿ ನಿಂತಿದ್ದ ಸಾಸೋನ್ ಕಿಸಕ್ಕನೆ ನಕ್ಕ. ಪೆರ್ಲಾ ಅವನನ್ನು ದುರುಗುಟ್ಟಿ ನೋಡಿದಳು. ಅಳಬೇಕೋ, ಅಪ್ಪನ ಕೆನ್ನೆಗೆ ಬಿಡಬೇಕೋ ಅವಳಿಗೆ ಗೊತ್ತಾಗಲಿಲ್ಲ. ದೋಣಿಯವನ ಕುಂಡೆ ಬಂತು, ಬಟಾಣಿ ಬಂತು, ಗಾಳಿ ಬಂತು. ಸಾಯುತ್ತಿರುವ ಆ ಧ್ವನಿಯನ್ನು ಮುದುಕ ಪೂರ್ತಿ ಅದಕ್ಕೇ ಸುರಿಯುತ್ತಿದ್ದ. ಕೊನೆಗೆ ಎಲ್ಹನಾನ್ ಇಪ್ಪತ್ತನೆಯ ಪ್ರಶ್ನೆ ಓದಿದ: "ಜೊತೆಯಲ್ಲಿ ಒಡಹುಟ್ಟಿದವರು ಯಾರಾದರೂ ಇದ್ದರೇ?"

ಗೆಟ್ಸೆಲ್ ನೀರು ಕೇಳಿದ. ಕುಡಿದ. ಗಂಟಲು ನೋಯುತ್ತಿದೆ, ಇವತ್ತಿಗೆ ಸಾಕು ಎಂದ. ಬಟಾಣಿ ಕಥೆಗೆ ನೋಯದ ಗಂಟಲು!

ಎಲ್ಹನಾನ್ ಹೋದ ಮೇಲೆ ಪೆರ್ಲಾ ಸಿಡಿದಳು. "ನಾಲ್ಕು ದಿನ ಅಪ್ಪಾ! ನಾಲ್ಕೇ ದಿನ. ಅದಾದ್ಮೇಲೆ ನಾನು ಯಾರನ್ನ ಕೇಳಲಿ? ನಿನ್ನ ಗಿರಾಕಿಗಳನ್ನಾ? ಆ ಬಟಾಣಿಯನ್ನ ನನ್ನ ಮೊಮ್ಮಕ್ಕಳಿಗೆ ಕೊಡಲಾ?"

ಗೆಟ್ಸೆಲ್ ನೀರಿನ ಲೋಟ ಕೆಳಗಿಟ್ಟ. "ಇವಳೇ," ಎಂದ, "ಅದು ನನ್ನೊಬ್ಬನ ಕಥೆ ಅಲ್ಲ. ಅರ್ಧ ಅವಳದ್ದು. ಅವಳ ಎದುರಿಗಲ್ಲದೆ ನಾನು ಹೇಳಲ್ಲ." ಅದರಲ್ಲಿ ತಮಾಷೆ ಇರಲಿಲ್ಲ. ಅದಕ್ಕೇ ಪೆರ್ಲಾಗೆ ಹೆದರಿಕೆಯಾಯಿತು.

ಗುರುವಾರ ಬೆಳಗ್ಗೆ ಅವಳು ಕಿರ್ಯಾತ್ ಹಾಯಿಮ್‌ನ ಬಸ್ಸು ಹತ್ತಿದಳು. ಮೂರನೆಯ ಮಹಡಿ, ಲಿಫ್ಟಿಲ್ಲ. ಬೆಲ್ಲು ಒತ್ತಿದಳು.

"ಯಾರು?" ಒಳಗಿನಿಂದ ಧ್ವನಿ.

"ಪೆರ್ಲಾ."

"ಪೆರ್ಲಾ ಒಳಗಿದಾಳೆ. ಹೊರಗಿರೋದು ಯಾರು?"

ಬಾಗಿಲು ತೆರೆಯಿತು. ತೊಂಬತ್ತರ ಮುದುಕಿ, ಗಿಡ್ಡ, ಶೀಶೆಯ ತಳದಷ್ಟು ದಪ್ಪ ಕನ್ನಡಕ. ಮೇಲಿಂದ ಕೆಳಗೆ ನೋಡಿದಳು. "ಓಹೋ, ಕೇಕಿನ ದಿನದ ಹುಡುಗಿ. ದಪ್ಪಗಾಗಿದೀಯ."

"ಅರವತ್ತು ವರ್ಷ ಆಯ್ತಲ್ಲ ಅತ್ತೆ."

"ನಿಮ್ಮಪ್ಪ ಸತ್ತನಾ?"

"ಇಲ್ಲ."

"ಮತ್ಯಾಕೆ ಬಂದೆ? ನಿಮ್ಮ ಮನೇಲಿ ನನ್ನ ಹೆಸರು ನೆನಪಾಗೋದು ಸಾವಿನ ಲೆಕ್ಕದಲ್ಲಿ ತಾನೇ."

ಪೆರ್ಲಾ ಮನೆಯಿಂದ ನಾಲ್ಕು ಒಳ್ಳೆಯ ಮಾತು ಕಟ್ಟಿಕೊಂಡು ಬಂದಿದ್ದಳು. ಒಂದೂ ಬಾಯಿಗೆ ಬರಲಿಲ್ಲ. ನಾಳೆ ಅಪ್ಪ ಕ್ಯಾಮೆರಾದ ಮುಂದೆ ನದಿಯ ಕಥೆ ಹೇಳುವುದಿದೆ, ನೀವು ಎದುರಿಗಿದ್ದರೆ ಮಾತ್ರ ಹೇಳುತ್ತಾನಂತೆ, ಭಾನುವಾರ ಅವನ ಗಂಟಲು ಕೊಯ್ಯುತ್ತಾರೆ, ಆಮೇಲೆ ಅವನಿಗೆ ಮಾತಿರುವುದಿಲ್ಲ ಎಂದಷ್ಟೇ ಹೇಳಿದಳು.

"ಮಾತೇ ಇರಲ್ವಾ?"

"ಇರಲ್ಲ."

"ಆ ಬಾಯಿಬಡುಕನಿಗಾ?" ಮುದುಕಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ, "ನಾಳೆ ಎಷ್ಟು ಗಂಟೆಗೆ?" ಎಂದಳು. ಪೆರ್ಲಾ ಮೆಟ್ಟಿಲಿಳಿಯುವಾಗ ಮೇಲಿನಿಂದ ಕೂಗಿ ಹೇಳಿದಳು: "ಕೇಕು ಮಾಡಬೇಡ. ನಾನೇ ತರ್ತೀನಿ. ನಿಮ್ಮಮ್ಮನ ಕೇಕು ಒಣಕಲು."

"ನೀವು ತಿನ್ನಲೇ ಇಲ್ಲವಲ್ಲ!"

"ನೋಡಿದ್ರೇ ಗೊತ್ತಾಗ್ತಿತ್ತು."

ಶುಕ್ರವಾರ ಹತ್ತು ಗಂಟೆಗೆ ಸರಿಯಾಗಿ ಬಂದಳು. ಅದೇ ಕಂದು ಕೋಟೋ, ಅದರ ಮೊಮ್ಮಗಳೋ. ಕ್ಯಾಮೆರಾದ ಮುಂದೆ ಕೂತಿದ್ದ ತಮ್ಮನ ಎದುರು ನಿಂತು, "ಏನೋ ಗೆಟ್ಸೆಲ್, ನಾನಿನ್ನೂ ಸತ್ತಿದೀನಾ?" ಎಂದು ಕೇಳಿದಳು.

ಗೆಟ್ಸೆಲ್ ಕನ್ನಡಕ ಸರಿಮಾಡಿಕೊಂಡ. "ನಿನ್ನ ನೋಡಿದ್ರೆ ಹೇಳೋದು ಕಷ್ಟ."

ಅರವತ್ತು ವರ್ಷದ ಮೇಲಿನ ಮೊದಲ ಮಾತುಗಳು ಇವು. ಎಲ್ಹನಾನ್ ಗಾಬರಿಯಾಗಿ ಕ್ಯಾಮೆರಾದ ಗುಂಡಿ ಒತ್ತಿದ. ಅಲ್ಲಿಂದ ಮುಂದಿನ ಅರ್ಧ ಗಂಟೆ ಅವನು ಹೇಳಿದ್ದು ಒಂದೇ ಮಾತು: "ದಯವಿಟ್ಟು, ಒಬ್ಬೊಬ್ಬರಾಗಿ!" ಯಾರು ಕೇಳಬೇಕು? ಪೀಪಾಯಿ ಹೆರಿಂಗ್ ಮೀನಿನದಲ್ಲ, ಹುಳಿ ಕೋಸಿನದು ಎಂದಳು ಅಕ್ಕ. ಕೋಸು ತಿಂದು ನಿನ್ನ ಮೂಗು ಸತ್ತಿದೆ ಎಂದ ತಮ್ಮ. ಅಮ್ಮ ನೀಲಿ ರುಮಾಲು ಕಟ್ಟಿದ್ದಳು. ಇಲ್ಲ, ನೀಲಿ ರುಮಾಲು ಅಜ್ಜಿಯದು. ದೋಣಿಯವನಿಗೆ ಕೊಟ್ಟದ್ದು ಅಪ್ಪನ ತುಪ್ಪಳದ ಕೋಟು; ಅಲ್ಲ, ಗೋಡೆ ಗಡಿಯಾರ. ಇಬ್ಬರೂ ಚಿಕ್ಕ ಮಕ್ಕಳ ಹಾಗೆ ಬೆರಳು ತೋರಿಸಿ ಕಚ್ಚಾಡಿದರು. ಸಾಸೋನ್ ಕುರ್ಚಿ ಎಳೆದುಕೊಂಡು ಫುಟ್‌ಬಾಲ್ ನೋಡುವವನಂತೆ ಕೂತುಬಿಟ್ಟ. ಪೆರ್ಲಾಗೆ ಮಾತ್ರ ಅಪ್ಪನ ಧ್ವನಿ ಒಡೆಯುತ್ತಿರುವುದು ಕೇಳುತ್ತಿತ್ತು. ಪೆಟ್ಟಿಗೆ ತುಂಬುವ ಮೊದಲೇ ಇದು ತೀರಿಹೋಗುತ್ತದೆ ಎಂದು ಅವಳು ನಡುವೆ ಬಾಯಿ ಹಾಕಿದಳು.

"ಅಪ್ಪಾ, ಪೀಪಾಯಿಯ ಮೀನು, ಕೋಸು ಹಾಳಾಗಿ ಹೋಗಲಿ," ಎಂದಳು. "ದಡದಲ್ಲಿ ಏನಾಯ್ತು?"

ಗೆಟ್ಸೆಲ್ ಕ್ಯಾಮೆರಾ ನೋಡಲಿಲ್ಲ, ಮಗಳನ್ನು ನೋಡಲಿಲ್ಲ. ಅಕ್ಕನ ಬೂಟು ನೋಡುತ್ತ ಹೇಳಿದ.

"ಇಬ್ಬರೂ ಅದರೊಳಗೆ ಹಿಡಿಸ್ತೀವಿ ಅಂದ್ಕೊಂಡು ಅಮ್ಮ ಕಳಿಸಿದ್ದಳು. ಹಿಡಿಸಲಿಲ್ಲ. ಪೀಪಾಯಿಯಲ್ಲಿ ಒಬ್ಬರಿಗೇ ಜಾಗ. ದೋಣಿಯವನು ಒಬ್ಬರನ್ನೇ ಒಯ್ತೀನಿ ಅಂದ. ಇವಳು ಮೊದಲೇ ಒಳಗೆ ಕೂತಿದ್ದಳು. ನಾನು ರಂಪ ಮಾಡಿದೆ. ಪೀಪಾಯಿ ನನಗೇ ಬೇಕು ಅಂತ ಕಾಲು ಬಡಿದೆ. ಅದಕ್ಕೆ ಇವಳು ಇಳಿದಳು." ಅವನು ಉಗುಳು ನುಂಗಿದ, ನುಂಗುವುದೂ ನೋವು. "ಅಕ್ಕನ ಜಾಗ ಕಸ್ಕೊಂಡೆ. ಎಂಬತ್ತು ವರ್ಷದಿಂದ ಅಲ್ಲೇ ಕೂತಿದೀನಿ. ನಗಿಸದೇ ಇದ್ರೆ ಜನ ಕೇಳ್ತಿದ್ರು, ಇನ್ನೊಬ್ಬಳು ಎಲ್ಲಿ ಅಂತ."

ಎಲ್ಹನಾನ್ ಫಾರಂ ಕೆಳಗಿಟ್ಟ.

"ಯಾವ ರಂಪ?" ಎಂದಳು ಮುದುಕಿ. ಧ್ವನಿಯಲ್ಲಿ ನಿಜವಾದ ಸಿಟ್ಟಿತ್ತು. "ಯಾವ ರಂಪ ಮಾಡಿದೆಯೋ ನೀನು? ಕಲ್ಲಿನ ಹಾಗೆ ನಿಂತಿದ್ದೆ. ಒಂದು ಮಾತು ಆಡಲಿಲ್ಲ. ನಾನೇ ಇಳಿದೆ."

"ನನಗೋಸ್ಕರ..."

"ನಿನಗೋಸ್ಕರ ಅಲ್ಲ! ಒಳಗೆ ಕತ್ತಲೆ ಇತ್ತು. ನಾತ ಇತ್ತು. ನನಗೆ ಅಮ್ಮ ಬೇಕಿತ್ತು ಕಣೋ, ಅಮ್ಮ. ತಮ್ಮನ ಕೈ ಬಿಡಬೇಡ ಅಂತ ಅಮ್ಮ ನೂರು ಸಲ ಹೇಳಿ ಕಳಿಸಿದ್ದಳು. ನಾನು ನಿನ್ನನ್ನ ಒಳಗೆ ತುರುಕಿ, ಮುಚ್ಚಳ ಹಾಕಿಸಿ ಮನೆಗೆ ಓಡಿದೆ. ತಿರುಗಿ ಕೂಡ ನೋಡಲಿಲ್ಲ." ಕನ್ನಡಕ ತೆಗೆದು ಕೋಟಿನ ಅಂಚಿನಲ್ಲಿ ಒರೆಸಿದಳು. "ಅವರು ಅಮ್ಮನನ್ನ ಕರ್ಕೊಂಡು ಹೋಗೋ ತನಕ ಮೂರು ಚಳಿಗಾಲ ಸಿಕ್ತು ನನಗೆ, ಅಮ್ಮನ ಪಕ್ಕ ಮಲಗೋಕೆ. ಅದರಲ್ಲಿ ಅರ್ಧ ನಿನ್ನದು. ಇಲ್ಲಿಗೆ ಬಂದ್ರೆ ನಿನ್ನ ಹೆಂಡತಿ ಮಗುನ ಎತ್ತಿ ತೋರಿಸ್ತಾಳೆ, ತಮ್ಮನಿಗೋಸ್ಕರ ಪ್ರಾಣ ಕೊಟ್ಟವಳ ಹೆಸರು ಇದಕ್ಕೆ ಅಂತ. ಹೇಳೋ, ಯಾವ ಮುಖ ಇಟ್ಕೊಂಡು ಕೇಕು ತಿನ್ನಲಿ?"

ಅಪಶಕುನವಂತೆ, ಹೆಸರಂತೆ, ಗುರುಗಳಂತೆ! ಅರವತ್ತು ವರ್ಷ ಇಡೀ ಮನೆ ಅದನ್ನೇ ನಂಬಿಕೊಂಡಿತ್ತು. ಪೆರ್ಲಾ ಗೋಡೆಗೆ ಒರಗಿದಳು. ಇಬ್ಬರೂ ಇನ್ನೊಬ್ಬರದ್ದನ್ನು ಕದ್ದ ಕಳ್ಳರು ತಾವೇ ಎಂದುಕೊಂಡು, ಇಪ್ಪತ್ತೈದು ನಿಮಿಷದ ದೂರದಲ್ಲಿ ಕೂತು ಮುದುಕರಾದರಲ್ಲ ಎಂದು ಅವಳಿಗೆ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು.

"ಎರಡು ಹೇಳಿಕೆ ಹೊಂದ್ತಾ ಇಲ್ಲ," ಎಂದ ಎಲ್ಹನಾನ್ ಮೆಲ್ಲಗೆ. "ಯಾವುದನ್ನ ಬರ್ಕೊಳ್ಲಿ?"

"ಎರಡನ್ನೂ ಬರ್ಕೊಳಪ್ಪ ಮಾರಾಯ," ಎಂದ ಸಾಸೋನ್. "ಕಾಗದಕ್ಕೇನು ಬರವಾ?"

ಗೆಟ್ಸೆಲ್ ಅಕ್ಕನನ್ನೇ ನೋಡುತ್ತಿದ್ದ. "ಮನೆಗೆ ಹೋದಾಗ ಅಮ್ಮ ಹೊಡೆದಳಾ?"

"ಪೊರಕೆ ಮುರಿಯೋ ತನಕ. ಆಮೇಲೆ ತಬ್ಬಿಕೊಂಡು ಅತ್ತಳು."

"ನನ್ನ ಹೆಸರು ಹೇಳಿದಳಾ?"

"ಪ್ರತಿ ಶುಕ್ರವಾರ. ದೀಪ ಹಚ್ಚುವಾಗ."

ಮುದುಕ ತಲೆಯಾಡಿಸಿದ. ಕಣ್ಣು ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. "ಹೊಡೆದದ್ದು ಒಳ್ಳೇದಾಯ್ತು" ಎಂದ, ಮುದುಕಿ ಫಕ್ಕನೆ ನಕ್ಕುಬಿಟ್ಟಳು.

ಎಲ್ಹನಾನ್‌ಗೆ ಇನ್ನೊಂದು ಪ್ರಶ್ನೆ ಉಳಿದಿತ್ತು, ನಲವತ್ತೆರಡನೆಯದು. ಕೇಳದೆ ಬಿಟ್ಟರೆ ಅವನಿಗೆ ನಿದ್ದೆ ಬರುವುದಿಲ್ಲ. "ಮುಂದಿನ ಪೀಳಿಗೆಗೆ ನಿಮ್ಮ ಸಂದೇಶ?"

ಗೆಟ್ಸೆಲ್ ಅವನ ಕಡೆ ತಿರುಗಲೂ ಇಲ್ಲ. ಅಕ್ಕನ ಕಡೆ ಬಾಗಿ, ಪಕ್ಕದ ಮನೆಯಿಂದ ಏಣಿ ಕೇಳುವವನ ಸಂಕೋಚದಲ್ಲಿ ಕೇಳಿದ: "ಆ ಹೆಸರು... ಉಪಯೋಗಿಸ್ಕೊಳ್ಲಾ?"

"ತೊಂಬತ್ತು ಆಯ್ತು ನನಗೆ," ಎಂದಳು ಅವಳು. "ಇನ್ನೆಷ್ಟು ದಿನ ಒಬ್ಬಳೇ ಸವೆಸಲಿ? ತಗೋ."

ಗೆಟ್ಸೆಲ್ ಮಗಳತ್ತ ತಿರುಗಿದ. ತುಟಿ ಎರಡು ಸಲ ಅಲುಗಿತು, ಅಭ್ಯಾಸ ತಪ್ಪಿಹೋಗಿತ್ತು.

"ಪೆರ್ಲಾ," ಎಂದ. "ಎಲ್ಲರಿಗೂ ಟೀ ಮಾಡು."

ಪೆರ್ಲಾ ಅಡುಗೆಮನೆಗೆ ಹೋದಳು. ಕೆಟಲ್‌ಗೆ ನೀರು ಹಿಡಿದಳು. ನಲ್ಲಿ ಸಣ್ಣಗೆ ಸುರಿಯುತ್ತಿತ್ತು, ಅಷ್ಟೇನೂ ಸದ್ದಿರಲಿಲ್ಲ. ಅವಳ ಕಿವಿಯೂ ಚೆನ್ನಾಗಿಯೇ ಇತ್ತು.

"ಏನಪ್ಪಾ?" ಎಂದು ಕೂಗಿದಳು. "ಯಾರನ್ನ ಕರೆದೆ? ಕೇಳಿಸಲಿಲ್ಲ."

"ಪೆರ್ಲಾ!" ಹೊರಗಿನಿಂದ ಹರಿದ ಧ್ವನಿ. "ಟೀ! ನಿಂಬೆಹಣ್ಣು ಹಾಕಿ!"

"ಈ ಟೀ ವಿಷಯ ದಾಖಲೆಗೆ ಬೇಕಾ? ಕ್ಯಾಮೆರಾ ನಿಲ್ಲಿಸಲಾ?" ಎಂದು ಎಲ್ಹನಾನ್ ಕೇಳುತ್ತಿದ್ದ. "ಮುಟ್ಟಿದ್ರೆ ಕೈ ಮುರೀತೀನಿ" ಎಂದ ಸಾಸೋನ್.

"ನಿನ್ನ ಮಗಳು ಕಿವುಡಿಯೇನೋ?" ಅತ್ತೆಯ ಧ್ವನಿ.

ಪೆರ್ಲಾ ನಲ್ಲಿ ನಿಲ್ಲಿಸಿದಳು. ಸೆರಗಿಲ್ಲದ ಉಡುಪು, ತೋಳಿನಲ್ಲೇ ಮುಖ ಒರೆಸಿಕೊಂಡಳು. ಆಮೇಲೆ ಬಾಗಿಲ ಮರೆಯಲ್ಲಿ ನಿಂತು ಮತ್ತೆ ಕೂಗಿದಳು: "ಕೇಳಿಸ್ತಿಲ್ಲಪ್ಪಾ! ಇನ್ನೊಂದು ಸಲ ಹೇಳು!"